ಪರದೇಶದ ಗಂಟಿನಲ್ಲಿ ಗಸಗಸೆ

ಮಗನಾಗಲಿ ಮಗಳಾಗಲಿ ಪರದೇಶಕ್ಕೆ ಹೊರಡುವ ಹಿಂದಿನ ದಿವಸ ನಮ್ಮ ಮನೆಗಳಲ್ಲಿ ನಡೆಯುವ ಸಡಗರವನ್ನು ಬಣ್ಣಿಸಿ ಹೇಳಬೇಕಾದುದಿಲ್ಲ. ಸಾರಿನ ಪುಡಿ, ಚಟ್ನಿಪುಡಿ, ಉಪ್ಪಿನಕಾಯಿ, ಹಪ್ಪಳ ಇವೆಲ್ಲವೂ ಒಂದೊಂದಾಗಿ ಪೆಟ್ಟಿಗೆಯನ್ನು ಸೇರುತ್ತವೆ. ಹಬ್ಬದ ದಿವಸ ಪಾಯಸ ಮಾಡಿಕೊಳ್ಳಲೆಂದು ತಾಯಿಯು ಕಡೆಯಲ್ಲಿ ಒಂದು ಹಿಡಿ ಗಸಗಸೆಯನ್ನೂ ಕಟ್ಟಿಡುತ್ತಾಳೆ. ಹೋಗುವ ಊರು ದುಬಾಯಿಯಾಗಿದ್ದರೆ, ಆ ಪೆಟ್ಟಿಗೆಯಲ್ಲಿರುವ ವಸ್ತುಗಳಲ್ಲೆಲ್ಲ ಅತ್ಯಂತ ಅಪಾಯಕರವಾದುದು ಆ ಒಂದು ಹಿಡಿ ಗಸಗಸೆಯೇ ಎಂಬುದು ಅವಳಿಗೆ ಹೇಗೆ ತಿಳಿಯಬೇಕು?

ಗಸಗಸೆಯು ಅಫೀಮಿನ ಗಿಡದ ಬೀಜವೆಂಬುದನ್ನು ಬಹುಮಂದಿ ಅರಿಯರು. ಆ ಗಿಡದ ಹಸಿಯ ಕಾಯನ್ನು ಗೀರಿದಾಗ ಒಸರುವ ಹಾಲು ಹೆಪ್ಪುಗಟ್ಟಿ ಅಫೀಮಾಗುತ್ತದೆ. ಕಾಯಿ ಒಣಗಿದ ಮೇಲೆ ಅದರೊಳಗೆ ದೊರೆಯುವ ಬೀಜವೇ ಗಸಗಸೆ. ಮಧ್ಯಪ್ರದೇಶ, ರಾಜಸ್ಥಾನ, ಉತ್ತರಪ್ರದೇಶಗಳ ಗೊತ್ತಾದ ಪ್ರದೇಶಗಳಲ್ಲಿ ಪರವಾನಗಿ ಪಡೆದ ರೈತರು ಈ ಬೆಳೆಯನ್ನು ತೆಗೆಯುತ್ತಾರೆ. ಅಫೀಮನ್ನು ಸರಕಾರಕ್ಕೇ ಒಪ್ಪಿಸತಕ್ಕದ್ದು. ಬೀಜವನ್ನು ಪೇಟೆಯಲ್ಲಿ ಮಾರಬಹುದು. 1985ರ ನಮ್ಮ ಮಾದಕ ವಸ್ತುಗಳ ಕಾನೂನು ಗಿಡದ ಇತರ ಭಾಗಗಳನ್ನು ಹತೋಟಿಯಲ್ಲಿಟ್ಟು, ಬೀಜವನ್ನು ಸ್ಪಷ್ಟವಾಗಿ ಹೊರಗೆ ಬಿಟ್ಟಿದೆ. ಅದುಕಾರಣ ನಮ್ಮಲ್ಲಿ ಗಸಗಸೆಯು ಕಿರಾಣಿ ಅಂಗಡಿಯ ಸರಕು.

ಕೊಲ್ಲಿಯ ದೇಶಗಳಲ್ಲಿ ಹಾಗಲ್ಲ. ಸಂಯುಕ್ತ ಅರಬ್ ಎಮಿರೇಟ್ಸಿನಲ್ಲಿ ಗಸಗಸೆ ಯಾವ ರೂಪದಲ್ಲಿದ್ದರೂ ನಿಷಿದ್ಧವಸ್ತು. ಬೀಜಕ್ಕೆ ಕಾಯಿಯ ಹಾಲಿನ ಅಂಶವು ಅಂಟಿಕೊಂಡಿರುವುದುಂಟು. ಪರೀಕ್ಷೆ ಮಾಡಿದರೆ ಅದರಲ್ಲಿ ಮಾರ್ಫೀನ್ ಕಾಣಿಸಬಹುದು. ಸೆರೆವಾಸ, ದಂಡ, ಗಡೀಪಾರು ಈ ಮೂರರ ಭಯವೂ ಅಲ್ಲಿ ಉಂಟು. ಮಂಗಳೂರು, ಉಡುಪಿ, ಭಟ್ಕಳಗಳ ಕಡೆಯಿಂದ ದುಡಿಮೆಗಾಗಿ ಆ ದೇಶಗಳಿಗೆ ಹೋಗುವವರ ಮನೆಯವರು ಈ ಮಾತನ್ನು ಚೆನ್ನಾಗಿ ನೆನಪಿನಲ್ಲಿಡಬೇಕು. ಗಸಗಸೆಯ ಪೊಟ್ಟಣವನ್ನು ತೆಗೆದಿಟ್ಟರೆ ಸಾಲದು. ಕೂರ್ಮ ಮೊದಲಾದುವಕ್ಕೆ ಸಿದ್ಧಪಡಿಸಿದ ಮಸಾಲೆಯ ಪುಡಿಗಳಲ್ಲಿಯೂ ಅದು ಬೆರೆತಿರಬಹುದು.

ಔಷಧಗಳ ಸಂಗತಿಯೂ ಇಂಥದೇ. ನಮ್ಮ ವೈದ್ಯರು ಬರೆದುಕೊಡುವ ಕೆಲವು ಕೆಮ್ಮಿನ ಔಷಧಗಳಲ್ಲಿ ಕೊಡೀನ್ ಇರುತ್ತದೆ. ಕೆಲವು ನೋವಿನ ಮಾತ್ರೆಗಳಲ್ಲಿ ಟ್ರಮಡಾಲ್ ಇರುತ್ತದೆ. ಎಮಿರೇಟ್ಸಿಗೆ ಇವುಗಳನ್ನು ಒಯ್ಯಬೇಕಾದರೆ ಅಲ್ಲಿಯ ಸರಕಾರದ ಅಪ್ಪಣೆಯನ್ನು ಮೊದಲೇ ಪಡೆಯಬೇಕು. ಜಪಾನಿನಲ್ಲಿಯಾದರೋ, ನೆಗಡಿಯ ಮಾತ್ರೆಯಲ್ಲಿ ಸೂಡೋಎಫೆಡ್ರಿನ್ ಎಂಬ ದ್ರವ್ಯವು ನೂರಕ್ಕೆ 10 ಪಾಲಿಗಿಂತ ಹೆಚ್ಚಾಗಿದ್ದರೆ ಮೊದಲೇ ಅಪ್ಪಣೆ ಪಡೆಯದೆ ಅದನ್ನು ಒಳಗೆ ತರುವಂತಿಲ್ಲ.

ಇದೆಲ್ಲ ಸಮುದ್ರದಾಚೆಯ ಮಾತು, ಸ್ವದೇಶದಲ್ಲಿ ಸಂಚರಿಸುವವರಿಗೆ ಈ ಚಿಂತೆ ಏತಕ್ಕೆ, ಎಂದು ಯಾರೂ ಭಾವಿಸಬಾರದು. ನಮ್ಮ ಸಂವಿಧಾನವು ಮದ್ಯದ ವಿಷಯವನ್ನು ರಾಜ್ಯಗಳ ಅಧಿಕಾರಕ್ಕೆ ಬಿಟ್ಟಿದೆ. ಬಿಹಾರದಲ್ಲಿ 2016ರಿಂದ ಪೂರ್ಣ ಪಾನನಿರೋಧವಿದೆ. ನೆರೆಯ ಝಾರ್ಖಂಡದಲ್ಲಿ ರಸೀತಿ ಪಡೆದು ಕೊಂಡ ಸೀಸೆಯು ಗಡಿ ದಾಟಿದ ಕ್ಷಣದಲ್ಲಿಯೇ ಅಪರಾಧದ ಸಾಕ್ಷ್ಯವಾಗಿ ಪರಿಣಮಿಸುತ್ತದೆ. ಅರುಣಾಚಲ, ನಾಗಾಲ್ಯಾಂಡ್, ಮಿಜೋರಾಂಗಳನ್ನು ಪ್ರವೇಶಿಸಬೇಕಾದರೆ ಹೊರಗಿನ ಭಾರತೀಯನಿಗೂ ಪರವಾನಗಿ ಬೇಕು. 1873ರಲ್ಲಿ ಬ್ರಿಟಿಷರು ಮಾಡಿದ ಈ ಕಟ್ಟಳೆಯನ್ನು 2019ರ ಡಿಸೆಂಬರಿನಲ್ಲಿ ಮಣಿಪುರಕ್ಕೂ ವಿಸ್ತರಿಸಲಾಯಿತು. ನಮ್ಮ ಗುಂಡ್ಲುಪೇಟೆಯ ಆಚೆ ಬಂಡೀಪುರದ ಕಾಡಿನ ಹೆದ್ದಾರಿಯಲ್ಲಿಯೂ, ಕಾಡುಪ್ರಾಣಿಗಳ ಪ್ರಾಣರಕ್ಷಣೆಗೋಸ್ಕರ, 2009ರಲ್ಲಿ ರಾತ್ರಿ 9ರಿಂದ ಬೆಳಗಿನ 6ರ ವರೆಗೆ ವಾಹನ ಸಂಚಾರಕ್ಕೆ ತಡೆ ಬಂದಿತು. ಇದನ್ನರಿಯದೆ ಊಟಿಗೋ ವಯನಾಡಿಗೋ ಹೊರಟು ಹೊತ್ತುಮೀರಿ ಬಂದವರು, ಮಕ್ಕಳನ್ನು ಕಟ್ಟಿಕೊಂಡು ಠಾಣೆಯ ಮುಂದೆ ರಾತ್ರಿ ಕಳೆಯಬೇಕಾದೀತು.

ಕಾನೂನು ನೆಲಕ್ಕೆ ಅಂಟಿಕೊಂಡಿರುವುದೇ ಹೊರತು, ಪ್ರಯಾಣಿಕನ ಬೆನ್ನಹಿಂದೆ ಅವನ ಊರಿನಿಂದ ಬರುವುದಿಲ್ಲ. ಒಂದು ನಾಡಿಗೆ ಕಾಡಾನೆಯ ಚಿಂತೆ, ಇನ್ನೊಂದಕ್ಕೆ ಕುಡಿತದಿಂದ ಕೆಟ್ಟ ಸಂಸಾರಗಳ ಚಿಂತೆ, ಮತ್ತೊಂದಕ್ಕೆ ಅಫೀಮಿನ ಭಯ. ಅವರವರ ಚಿಂತೆಗೆ ತಕ್ಕಂತೆ ಅವರವರ ಕಟ್ಟಳೆ. "ನನಗೆ ಗೊತ್ತಿರಲಿಲ್ಲ" ಎಂಬ ಸಮಾಧಾನವು ನ್ಯಾಯಾಸ್ಥಾನದಲ್ಲಿ ಸಾಮಾನ್ಯವಾಗಿ ನಡೆಯದು. 2024ರ ಜುಲೈ 1ರಂದು ಜಾರಿಗೆ ಬಂದ ನಮ್ಮ ಭಾರತೀಯ ನ್ಯಾಯ ಸಂಹಿತೆಯು ಸಹ, ಸಂಗತಿಯನ್ನು ತಪ್ಪಾಗಿ ತಿಳಿದವನಿಗೆ ಕೊಡುವ ರಕ್ಷಣೆಯನ್ನು ಕಾನೂನನ್ನು ತಪ್ಪಾಗಿ ತಿಳಿದವನಿಗೆ ಕೊಡುವುದಿಲ್ಲ.

ಹೀಗಿರುವಲ್ಲಿ ಗೃಹಸ್ಥರು ಮಾಡತಕ್ಕುದೇನು? ಪೆಟ್ಟಿಗೆ ಕಟ್ಟುವುದಕ್ಕೆ ಮೊದಲು, ಹೋಗುವ ದೇಶದ ಸುಂಕದ ಇಲಾಖೆಯೂ ರಾಯಭಾರ ಕಚೇರಿಯೂ ಪ್ರಕಟಿಸಿರುವ ನಿಷಿದ್ಧವಸ್ತುಗಳ ಪಟ್ಟಿಯನ್ನು ಓದಬೇಕು. ಔಷಧವನ್ನು ಅಂಗಡಿಯಿಂದ ಬಂದ ಪೊಟ್ಟಣದಲ್ಲಿಯೇ ಇಟ್ಟು, ವೈದ್ಯರ ಚೀಟಿಯನ್ನು ಜೊತೆಗಿಡಬೇಕು. ನೆರೆಯವರು ತಮ್ಮ ಮಗನಿಗೆಂದು ಕೊಡುವ ಗಂಟನ್ನು, ಎಷ್ಟೇ ದಾಕ್ಷಿಣ್ಯವಿದ್ದರೂ, ಬಿಚ್ಚಿ ನೋಡದೆ ಒಯ್ಯಬಾರದು. ಒಂದು ವೇಳೆ ಸೆರೆಸಿಕ್ಕಿದರೆ, ತನ್ನ ದೇಶದ ರಾಯಭಾರಿಗಳಿಗೆ ಸುದ್ದಿ ಮುಟ್ಟಿಸಬೇಕೆಂದು ಕೇಳುವ ಹಕ್ಕನ್ನು 1963ರ ವಿಯೆನ್ನಾ ಒಪ್ಪಂದವು ಕೊಟ್ಟಿದೆ. ಆದರೆ ಅವರು ಬಂದು ನೋಡಿಯಾರು, ವಕೀಲರನ್ನು ಗೊತ್ತುಮಾಡಲು ನೆರವಾದಾರು, ಬಿಡಿಸಿಕೊಂಡು ಬರಲಾರರು.

ದೇಶ ಸುತ್ತು, ಕೋಶ ಓದು ಎಂದು ನಮ್ಮ ಹಿರಿಯರು ಹೇಳಿದರು. ಇಂದಿನ ಪ್ರಯಾಣಿಕನು ಮೊದಲು ಓದಿ, ಬಳಿಕ ಸುತ್ತುವುದು ಲೇಸು. ಸಾಲ ಮಾಡಿ ಕಳುಹಿಸಿದ ಮಗನ ಬಾಳು ಒಂದು ಹಿಡಿ ಬೀಜದಿಂದ ಕೆಡಬಾರದು. ಗಸಗಸೆಯು ಅಡುಗೆಮನೆಯ ಡಬ್ಬಿಯಲ್ಲಿಯೇ ಇರಲಿ. ಅವನು ರಜೆಯಲ್ಲಿ ಮನೆಗೆ ಬಂದಾಗ ಪಾಯಸವನ್ನು ಮಾಡಿದರಾಯಿತು.