ಪೀಪಾಯಿ ಸ್ಟೌಟ್: ಆ ವಿಸ್ಕಿ ವಾಸನೆ ಯಾರದು?

ಬರ್ಬನ್ ವಿಸ್ಕಿಯ ಪೀಪಾಯಿಯಲ್ಲಿ ತಿಂಗಳುಗಟ್ಟಲೆ ಇಟ್ಟು ಮಾಗಿಸಿದ ಸ್ಟೌಟ್ ಬಿಯರ್ ಬಗ್ಗೆ ಎರಡು ನಂಬಿಕೆಗಳು ಗಟ್ಟಿಯಾಗಿ ಬೇರೂರಿವೆ. ಕಪ್ಪಗಿರುವುದರಿಂದಲೇ ಅದು ಅಷ್ಟು ಸ್ಟ್ರಾಂಗ್ ಎನ್ನುವುದು ಒಂದು. ವಿಸ್ಕಿ ಬೆರೆಸಿರುವುದರಿಂದಲೇ ಅದಕ್ಕೆ ವಿಸ್ಕಿಯ ವಾಸನೆ ಎನ್ನುವುದು ಇನ್ನೊಂದು. ಮೊದಲನೆಯದು ಪೂರ್ತಿ ತಪ್ಪು. ಎರಡನೆಯದರಲ್ಲಿ ಕೊಂಚ ನಿಜವಿದೆ, ಆದರೆ ಅದು ಮುಖ್ಯವಾದ ಸಂಗತಿಯನ್ನೇ ಮರೆಮಾಡುತ್ತದೆ. ನಾವು ವಿಸ್ಕಿಯದೆಂದು ಗುರುತಿಸುವ ಪರಿಮಳದ ದೊಡ್ಡ ಪಾಲು ಮೂಲತಃ ಮರದ್ದು. ಇಷ್ಟು ತಿಳಿದುಕೊಂಡರೆ ಈ ಬಿಯರನ್ನು ಸವಿಯುವ ಕ್ರಮವೇ ಬೇರೆಯಾಗುತ್ತದೆ.

ಬಣ್ಣದ ಮಾತನ್ನು ಬೇಗ ಮುಗಿಸಬಹುದು. ಸ್ಟೌಟ್ ಕಪ್ಪಾಗುವುದು ಕರಿಯಾಗುವವರೆಗೆ ಹುರಿದ ಬಾರ್ಲಿ ಅಥವಾ ಮಾಲ್ಟ್‌ನಿಂದ. ಡೇನಿಯಲ್ ವೀಲರ್ 1817ರಲ್ಲಿ ಇಂಗ್ಲೆಂಡಿನಲ್ಲಿ ಮಾಲ್ಟ್ ಹುರಿಯುವ ಹೊಸ ವಿಧಾನಕ್ಕೆ ಪೇಟೆಂಟ್ ಪಡೆದ ಮೇಲೆ, ಒಟ್ಟು ಧಾನ್ಯದಲ್ಲಿ ಅಲ್ಪ ಪಾಲು ಕಪ್ಪು ಮಾಲ್ಟ್ ಹಾಕಿದರೂ ಇಡೀ ಬಿಯರು ಕಪ್ಪಾಗತೊಡಗಿತು. ಅಷ್ಟು ಹುರಿದ ಕಾಳಿನಲ್ಲಿ ಯೀಸ್ಟ್ ತಿನ್ನುವಂಥ ಸಕ್ಕರೆ ಹೆಚ್ಚೇನೂ ಸಿಗುವುದಿಲ್ಲ. ಮದ್ಯಸಾರ ಹುಟ್ಟುವುದು ಜೊತೆಗಿರುವ ತಿಳಿ ಬಣ್ಣದ ಮಾಲ್ಟ್‌ನಿಂದ, ಅದನ್ನು ಎಷ್ಟು ಹಾಕಿದ್ದಾರೆ ಎಂಬುದರ ಮೇಲೆ. ಡಬ್ಲಿನ್ನಿನ ಗಿನ್ನೆಸ್ ಡ್ರಾಫ್ಟ್‌ನಲ್ಲಿರುವುದು ಶೇ. 4.2ರಷ್ಟು ಮದ್ಯಸಾರ, ಶೇ. 5ರ ಹೊಂಬಣ್ಣದ ಲಾಗರ್‌ಗಿಂತ ಕಡಿಮೆ. ಷಿಕಾಗೋದ ಗೂಸ್ ಐಲೆಂಡ್ ತಯಾರಿಸುವ, ಪೀಪಾಯಿ ಸ್ಟೌಟ್‌ಗಳಲ್ಲೆಲ್ಲ ಹೆಸರಾದ ಬರ್ಬನ್ ಕೌಂಟಿ ಸ್ಟೌಟ್‌ನಲ್ಲಿ ಶೇ. 14ರ ಆಸುಪಾಸು. ಲೋಟದಲ್ಲಿ ಎರಡೂ ಕಪ್ಪೇ. ಶೇ. 14ರ 330 ಮಿ.ಲೀ. ಬಿಯರಿನಲ್ಲಿ 46 ಮಿ.ಲೀ. ಶುದ್ಧ ಮದ್ಯಸಾರವಿರುತ್ತದೆ, ಶೇ. 5ರ 650 ಮಿ.ಲೀ. ಬಾಟಲಿಯಲ್ಲಿ ಇರುವುದಕ್ಕಿಂತಲೂ ಹೆಚ್ಚು. ಹಾಗಾಗಿ ನೋಡಬೇಕಾದದ್ದು ಲೇಬಲ್ಲಿನ ಅಂಕಿಯನ್ನು. ಒಂದು ಬಾಟಲಿಯನ್ನು ಮೂರು ನಾಲ್ಕು ಜನ ಹಂಚಿಕೊಳ್ಳುವ ರೂಢಿಗೆ ಇದೇ ಸರಿಯಾದ ಕಾರಣ.

ಈಗ ಪೀಪಾಯಿಯ ವಿಷಯ. ಬಟ್ಟಿ ಇಳಿಸಿದ ಬರ್ಬನ್ ಪೀಪಾಯಿಗೆ ಇಳಿಯುವಾಗ ನೀರಿನಷ್ಟು ತಿಳಿಯಾಗಿರುತ್ತದೆ. ಅದರ ಬಣ್ಣ, ವೆನಿಲ್ಲಾ ಪರಿಮಳ, ಕೊಬ್ಬರಿಯಂಥ ವಾಸನೆ, ಕ್ಯಾರಮೆಲ್ ಸಿಹಿ ಎಲ್ಲವೂ ಒಳಮೈ ಸುಟ್ಟ ಓಕ್ ಮರದಿಂದ ಆಮೇಲೆ ಬರುವಂಥವು. ಕಾವಿಗೆ ಮರದೊಳಗಿನ ಲಿಗ್ನಿನ್ ಒಡೆದು ವೆನಿಲಿನ್ ಆಗುತ್ತದೆ, ಹೆಮಿಸೆಲ್ಯುಲೋಸ್ ಸಕ್ಕರೆಯಾಗಿ ಕಂದುಗಟ್ಟುತ್ತದೆ. ಕೊಬ್ಬರಿಯ ವಾಸನೆ ಓಕ್ ಲ್ಯಾಕ್ಟೋನ್‌ನದು, ಲವಂಗದ ಎಳೆ ಯುಜೆನಾಲ್‌ನದು. ಬರ್ಬನ್ನನ್ನು ಹೊಸದಾದ, ಸುಟ್ಟ ಓಕ್ ಪಾತ್ರೆಯಲ್ಲೇ ಇಡಬೇಕೆಂದು ಅಮೆರಿಕದ ಕಾನೂನು ಹೇಳುತ್ತದೆ. ಆದ್ದರಿಂದ ಒಮ್ಮೆ ಖಾಲಿಯಾದ ಪೀಪಾಯಿ ಮತ್ತೆ ಬರ್ಬನ್‌ಗೆ ಬರುವುದಿಲ್ಲ. ಸುಮಾರು 200 ಲೀಟರು ಹಿಡಿಯುವ ಈ ಪೀಪಾಯಿಗಳು ಸ್ಕಾಟ್ಲೆಂಡಿಗೆ, ಬಿಯರ್ ತಯಾರಕರಿಗೆ, ನಮ್ಮ ಬೆಂಗಳೂರಿನ ಅಮೃತ್ ಡಿಸ್ಟಿಲರಿಗೂ ಹೋಗುತ್ತವೆ. ಅಮೃತ್ ಸಿಂಗಲ್ ಮಾಲ್ಟ್‌ನಲ್ಲಿ ಜನ ಮೆಚ್ಚುವ ವೆನಿಲ್ಲಾಕ್ಕೂ ಷಿಕಾಗೋದ ಸ್ಟೌಟ್‌ನ ವೆನಿಲ್ಲಾಕ್ಕೂ ತವರು ಒಂದೇ, ಅಮೆರಿಕದ ಬಿಳಿ ಓಕ್.

ಇದಕ್ಕೆ ಎರಡು ಆಕ್ಷೇಪಗಳು ಏಳುತ್ತವೆ. ಖಾಲಿ ಪೀಪಾಯಿಯ ಹಲಗೆಗಳು ಹಲವು ಲೀಟರು ವಿಸ್ಕಿ ಹೀರಿಕೊಂಡಿರುತ್ತವಲ್ಲ, ಅದು ಬಿಯರಿಗೆ ಇಳಿಯುವುದಿಲ್ಲವೇ? ಇಳಿಯುತ್ತದೆ, ಮದ್ಯಸಾರವೂ ಅಷ್ಟರಮಟ್ಟಿಗೆ ಏರುತ್ತದೆ. ಆದರೆ ಹಾಗೆ ಇಳಿಯುವ ವಿಸ್ಕಿಯೂ ಮರದ ಪರಿಮಳವನ್ನೇ ಹೊತ್ತು ತರುತ್ತದೆ. ಮರವೇ ಮುಖ್ಯವಾದರೆ ಹೊಸ ಪೀಪಾಯಿ ಸಾಲದೇ ಎಂಬುದು ಎರಡನೆಯ, ಇನ್ನೂ ಗಟ್ಟಿಯಾದ ಪ್ರಶ್ನೆ. ಹೊಸ ಓಕ್‌ನಲ್ಲಿ ಟ್ಯಾನಿನ್ ಹೆಚ್ಚು. ಅದರ ಒಗರು ಬಿಯರಿನ ಉಳಿದ ರುಚಿಯನ್ನೆಲ್ಲ ತುಳಿದುಬಿಡುತ್ತದೆ. ಶೇ. 60ರ ಆಜುಬಾಜಿನ ಮದ್ಯಸಾರದೊಂದಿಗೆ ವರ್ಷಗಟ್ಟಲೆ ಕುಳಿತ ಬರ್ಬನ್ ಆ ಮೊದಲ ಬಿರುಸನ್ನು ತಾನೇ ಹೀರಿಕೊಂಡು, ಪಳಗಿದ ಮರವನ್ನು ಬಿಯರಿಗೆ ಬಿಟ್ಟುಕೊಡುತ್ತದೆ. ಹತ್ತೊಂಬತ್ತನೆಯ ಶತಮಾನದ ಇಂಗ್ಲೆಂಡಿನ ಬಿಯರ್ ತಯಾರಕರಿಗೂ ಮರದ ಈ ಶಕ್ತಿ ಗೊತ್ತಿತ್ತು. ಅಮೆರಿಕದ ಓಕ್ ತನ್ನ ರುಚಿಯನ್ನು ಬಿಯರಿಗೆ ಹತ್ತಿಸುತ್ತದೆಂದು ದೂರಿ, ಬಾಲ್ಟಿಕ್ ತೀರದ ಮೇಮೆಲ್ ಬಂದರಿನಿಂದ ಬರುತ್ತಿದ್ದ ಓಕನ್ನೇ ಅವರು ಬಯಸುತ್ತಿದ್ದರು. ಅವರು ದೋಷವೆಂದು ದೂರವಿಟ್ಟದ್ದನ್ನು ಇಂದು ಹೆಚ್ಚು ದುಡ್ಡು ಕೊಟ್ಟು ಕೊಳ್ಳುತ್ತಾರೆ. ವಿಸ್ಕಿ ಇಲ್ಲದೆಯೂ ಮರ ರುಚಿ ಕೊಡುತ್ತದೆ ಎನ್ನಲು ಇದಕ್ಕಿಂತ ಒಳ್ಳೆಯ ಸಾಕ್ಷಿ ನನಗೆ ಕಾಣುವುದಿಲ್ಲ.

ಮರದ ಈ ಪರಿಮಳಗಳು ಬೇಕಾದರೆ ಬಿಯರು ಮಂಜುಗಡ್ಡೆಯಷ್ಟು ತಣ್ಣಗಿರಬೇಕೆಂಬ ನಂಬಿಕೆಯನ್ನು ಬಿಡಬೇಕು. ತಂಪಿನಲ್ಲಿ ಪರಿಮಳದ ಕಣಗಳು ಆವಿಯಾಗಿ ಮೂಗಿಗೆ ಬರುವುದೇ ಕಡಿಮೆ. ನಾಲಿಗೆಯ ರುಚಿಕೋಶಗಳಲ್ಲಿ ಸಿಹಿಯನ್ನು ದಾಟಿಸುವ ಟಿಆರ್‌ಪಿಎಂ5 ಎಂಬ ಪ್ರೋಟೀನು ಬೆಚ್ಚಗಾದಷ್ಟೂ ಚುರುಕಾಗುತ್ತದೆ ಎಂದು 2005ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬಂದ ಸಂಶೋಧನೆ ತೋರಿಸಿದೆ. ಸೆಕೆಗೆ ತಣ್ಣನೆಯದೇ ಹಿತ ಎನ್ನುವವರ ಮಾತು ಲಾಗರ್‌ಗೆ ಸರಿ, ಅದನ್ನು ಮಾಡುವುದೇ ದಾಹಕ್ಕೆ. ಇಲ್ಲಿ 12 ಡಿಗ್ರಿ ಸೆಲ್ಸಿಯಸ್ ಸುತ್ತಮುತ್ತ ಸಾಕು. ಬಾಯಿ ಕಿರಿದಾದ, ಹೊಟ್ಟೆ ಅಗಲವಾದ ಗ್ಲಾಸಿಗೆ ನೂರು ಮಿ.ಲೀ. ಸುರಿದರೆ ಕಂದು ನೊರೆ ತೆಳ್ಳಗೆ ಎದ್ದು ಬೇಗ ಇಳಿಯುತ್ತದೆ. ಬಿಯರು ಹಳಸಿದೆ ಎಂದು ಇದರಿಂದ ತೀರ್ಮಾನಿಸಬೇಕಿಲ್ಲ, ಮದ್ಯಸಾರ ಹೆಚ್ಚಿದ್ದರೆ ನೊರೆ ನಿಲ್ಲುವುದು ಕಷ್ಟ. ಗ್ಲಾಸನ್ನು ಅಂಗೈಯಲ್ಲಿ ಹಿಡಿದು ಮೂಸಿದರೆ ಮೊದಲು ಹುರಿದ ಕಾಫಿ ಬೀಜದ ವಾಸನೆ, ಕೈಯ ಬಿಸಿ ತಾಗುತ್ತಾ ಹೋದಂತೆ ವೆನಿಲ್ಲಾ, ಕೊಬ್ಬರಿ. ಗುಟುಕು ಇಳಿದ ಮೇಲೆ ನಾಲಿಗೆಯ ಬದಿಗಳಲ್ಲಿ ಉಳಿಯುವ ತೆಳು ಒಗರು ಓಕ್‌ನದು, ಗಂಟಲಿನ ಬಿಸಿ ಮದ್ಯಸಾರದ್ದು.

ಇಷ್ಟು ಸ್ಟ್ರಾಂಗ್ ಬಿಯರು ಕೆಡುವುದಿಲ್ಲ, ಇಟ್ಟಷ್ಟೂ ಒಳ್ಳೆಯದು ಎಂಬ ನಂಬಿಕೆಯನ್ನೂ ಪರೀಕ್ಷಿಸಬೇಕು. ಬಾಟಲಿಗೆ ಬಂದ ಮೇಲೆ ವಿಸ್ಕಿ ಹೆಚ್ಚುಕಡಿಮೆ ಇದ್ದಂತೆಯೇ ಇರುತ್ತದೆ, ಬಿಯರು ಹಾಗಲ್ಲ. ಆಮ್ಲಜನಕ ಮೆಲ್ಲಗೆ ಒಣದ್ರಾಕ್ಷಿಯ, ಶೆರಿಯ ರುಚಿ ತರುತ್ತದೆ. ಅದು ಮಿತಿಮೀರಿದರೆ ಸೋಯಾ ಸಾಸ್‌ನ ಉಪ್ಪುಪ್ಪು ವಾಸನೆ. ಬರ್ಬನ್ ಕೌಂಟಿಯ 2015ರ ಬಾಟಲಿಗಳಲ್ಲಿ ಕೆಲವು ಹುಳಿಯಾಗಿದ್ದವು. ಮದ್ಯಸಾರ ಅಷ್ಟಿದ್ದರೂ ಲ್ಯಾಕ್ಟೊಬ್ಯಾಸಿಲಸ್ ಅಸಿಟೊಟಾಲರನ್ಸ್ ಎಂಬ ಬ್ಯಾಕ್ಟೀರಿಯಾ ಅದರಲ್ಲಿ ಬದುಕಿತ್ತು. ಕಂಪನಿ ಗ್ರಾಹಕರಿಗೆ ಹಣ ಮರಳಿಸಿತು. 2016ರಿಂದ ಬಿಯರನ್ನು ಕ್ಷಣಕಾಲ ಬಿಸಿ ಮಾಡಿ ಪಾಶ್ಚರೀಕರಿಸಿ ಬಾಟಲಿಗೆ ತುಂಬುತ್ತಿದೆ.