ಇಲಿ ಅಟ್ಟುವ ಬೆಕ್ಕು, ಇಲಿಗೆ ಹೆದರುವ ಬೆಕ್ಕು

ಟಾಮ್ ಅಂಡ್ ಜೆರ್ರಿ ನೀವೆಲ್ಲ ನೋಡಿದ್ದೀರಿ. ಡೋರೇಮಾನ್ ಕೂಡ ನಿಮಗೆ ಗೊತ್ತು. ಟಾಮ್ ಎಂಬ ಬೆಕ್ಕು ಇಲಿಯನ್ನು ಅಟ್ಟಿಸಿಕೊಂಡು ಹೋಗುತ್ತೆ. ಡೋರೇಮಾನ್ ಕೂಡ ಬೆಕ್ಕೇ, ಆದರೆ ಇಲಿ ಕಂಡರೆ ಕಿರುಚಿಕೊಂಡು ಓಡುತ್ತೆ. ಯಾಕಂದ್ರೆ ಅದರ ಕಿವಿಗಳನ್ನು ಹಿಂದೆ ಒಂದು ಯಂತ್ರದ ಇಲಿ ಕಡಿದು ಹಾಕಿತ್ತು. ಟಾಮ್ ಅಮೆರಿಕದ್ದು, 1940ರಲ್ಲಿ ಹುಟ್ಟಿತು. ಡೋರೇಮಾನ್ ಜಪಾನಿನದು, 1969ರಲ್ಲಿ ಮೊದಲು ಚಿತ್ರಕಥೆಯಾಗಿ ಬಂತು.

ಹೋದ ವಾರ ಬಿಸಿಯೂಟದ ಹೊತ್ತಿನಲ್ಲಿ ನಮ್ಮ ತರಗತಿಯಲ್ಲಿ ಒಂದು ಜಗಳ ಆಯಿತು. “ಜಪಾನಿನ ಕಾರ್ಟೂನಿನಲ್ಲಿ ಬರೀ ಬಾಯಿ ಅಲ್ಲಾಡುತ್ತೆ, ಮೈ ಹಾಗೇ ನಿಂತಿರುತ್ತೆ. ಅವರು ಸೋಮಾರಿಗಳು ಕಣೋ” ಅಂತ ನನ್ನ ಗೆಳೆಯ ಹೇಳಿದ. ನಾನು ಅಲ್ಲ ಅಂದೆ. “ಹಾಗಾದ್ರೆ ಯಾಕೆ ಹೇಳು” ಅಂದ. ನನಗೆ ಉತ್ತರ ಬರಲಿಲ್ಲ. ಎಲ್ಲರೂ ನಕ್ಕರು. ಆದ್ದರಿಂದ ಮೇಷ್ಟ್ರನ್ನು ಕೇಳಿ, ಓದಿ ತಿಳಿದುಕೊಂಡು ಇದನ್ನು ಬರೆದಿದ್ದೇನೆ.

ಚಿತ್ರ ಓಡುವುದು ಹೇಗೆ?

ಸಿನಿಮಾದಲ್ಲಿ ಒಂದು ಸೆಕೆಂಡಿಗೆ 24 ಚಿತ್ರಗಳು ಕಣ್ಣ ಮುಂದೆ ಹೋಗುತ್ತವೆ. ಇದನ್ನು ಪರೀಕ್ಷೆ ಮಾಡಲು ನಾನು 100 ಹಾಳೆಯ ರಫ್ ನೋಟ್ ಪುಸ್ತಕದ ಮೂಲೆಯಲ್ಲಿ ನಮ್ಮ ಕರು ಜಿಗಿಯುವುದನ್ನು ಬರೆದೆ. 24 ಹಾಳೆ ಬರೆಯಲು ಒಂದು ಸಂಜೆ ಪೂರಾ ಬೇಕಾಯಿತು. ಹೆಬ್ಬೆರಳಿನಿಂದ ಹಾಳೆಗಳನ್ನು ಸರ್ರನೆ ಬಿಟ್ಟೆ. ಕರು ಜಿಗಿಯಿತು, ಒಂದೇ ಸೆಕೆಂಡಿಗೆ ಮುಗಿದೇ ಹೋಯಿತು!

ಆಮೇಲೆ ಅದೇ ಜಿಗಿತವನ್ನು 8 ಹಾಳೆಯಲ್ಲಿ ಬರೆದು, ನಿಧಾನವಾಗಿ ಹಾಳೆ ಬಿಟ್ಟೆ. ಸ್ವಲ್ಪ ಕುಂಟಿದ ಹಾಗೆ ಕಂಡಿತು. ಆದರೂ ಕರು ಜಿಗಿಯುತ್ತಿದೆ ಅಂತ ನನ್ನ ತಂಗಿಗೆ ಗೊತ್ತಾಯಿತು. ಜಪಾನಿನವರ ಲೆಕ್ಕವೂ ಇದೇ. ಒಂದೇ ಚಿತ್ರವನ್ನು ಮೂರು ಸಲ ತೋರಿಸಿದರೆ ಸೆಕೆಂಡಿಗೆ 8 ಚಿತ್ರ ಸಾಕು.

ಲೆಕ್ಕ ಮಾಡಿ ನೋಡಿ. ಸೆಕೆಂಡಿಗೆ 24 ಅಂದ್ರೆ ಒಂದು ನಿಮಿಷಕ್ಕೆ 1440 ಚಿತ್ರ. ಸೆಕೆಂಡಿಗೆ 8 ಅಂದ್ರೆ 480 ಚಿತ್ರ ಮಾತ್ರ.

ಯಾಕೆ ಹೀಗೆ ಮಾಡಿದರು?

ಅಮೆರಿಕದ ವಾಲ್ಟ್ ಡಿಸ್ನಿಯವರು 1937ರಲ್ಲಿ ‘ಸ್ನೋ ವೈಟ್ ಮತ್ತು ಏಳು ಕುಳ್ಳರು’ ಚಿತ್ರ ತಂದರು. ಅದಕ್ಕೆ ಸುಮಾರು 3 ವರ್ಷ ಹಿಡಿಯಿತು. ತುಂಬ ಹಣ, ತುಂಬ ಕಲಾವಿದರು ಇದ್ದರು. ಹಾಗಾಗಿ ಸೆಕೆಂಡಿಗೆ 24 ಅಥವಾ 12 ಚಿತ್ರ ಬರೆಯುತ್ತಿದ್ದರು. ಜಪಾನಿನ ಒಸಾಮು ತೆಜುಕಾ ಅವರು 1963ರ ಜನವರಿ 1ರಂದು ‘ಆಸ್ಟ್ರೋ ಬಾಯ್’ ಎಂಬ ಟಿ.ವಿ. ಕಾರ್ಟೂನ್ ಆರಂಭಿಸಿದರು. ಪ್ರತಿ ವಾರ ಅರ್ಧ ಗಂಟೆಯ ಹೊಸ ಕಥೆ ಕೊಡಬೇಕಾಗಿತ್ತು. ಹಣವೂ ಕಡಿಮೆ, ಸಮಯವೂ ಕಡಿಮೆ. ಆದ್ದರಿಂದ ಕಡಿಮೆ ಚಿತ್ರ ಬರೆದರು, ಬರೆದದ್ದನ್ನೇ ಮತ್ತೆ ಮತ್ತೆ ಉಪಯೋಗಿಸಿದರು. ಮೈ ಒಂದು ಪಾರದರ್ಶಕ ಹಾಳೆಯಲ್ಲಿ, ಬಾಯಿ ಇನ್ನೊಂದು ಹಾಳೆಯಲ್ಲಿ. ಬಾಯಿಯ ಹಾಳೆ ಮಾತ್ರ ಬದಲಾಯಿಸಿದರೆ ಮಾತಾಡಿದ ಹಾಗೆ ಆಗುತ್ತೆ. ಈಗ ಈ ಕೆಲಸವನ್ನೆಲ್ಲ ಹೆಚ್ಚಾಗಿ ಕಂಪ್ಯೂಟರಿನಲ್ಲಿ ಮಾಡುತ್ತಾರೆ.

ಇನ್ನೊಂದು ಸಂಗತಿ. ಟಾಮ್ ಅಂಡ್ ಜೆರ್ರಿ ಮಾಡಿದ ಹಾನಾ ಮತ್ತು ಬಾರ್ಬೆರಾ ಕೂಡ ಆಮೇಲೆ ಟಿ.ವಿ.ಗೆ ಕಾರ್ಟೂನ್ ಮಾಡುವಾಗ ಇದೇ ದಾರಿ ಹಿಡಿದರು. ಅವರ ಯೋಗಿ ಕರಡಿಯ ಕುತ್ತಿಗೆಗೆ ಟೈ ಇದೆ ನೋಡಿ. ಮೈಯನ್ನು ಹಾಗೇ ಇಟ್ಟು ತಲೆ ಮಾತ್ರ ಹೊಸದಾಗಿ ಬರೆದರೆ ಸೇರಿಸಿದ ಜಾಗ ಕಾಣಬಾರದಲ್ಲ, ಅದಕ್ಕೆ ಕಾಲರ್ ಮತ್ತು ಟೈ! ಹಾಗಾದರೆ ಇದು ದೇಶದ ವಿಷಯ ಅಲ್ಲ, ಹಣ ಮತ್ತು ಸಮಯದ ವಿಷಯ.

ಬೇರೆ ವ್ಯತ್ಯಾಸಗಳು

1. ಅಮೆರಿಕದಲ್ಲಿ ಸಾಮಾನ್ಯವಾಗಿ ಮೊದಲು ಧ್ವನಿ, ಆಮೇಲೆ ಅದಕ್ಕೆ ತಕ್ಕ ಬಾಯಿ ಬರೆಯುತ್ತಾರೆ. ಜಪಾನಿನಲ್ಲಿ ಹೆಚ್ಚಾಗಿ ಮೊದಲು ಚಿತ್ರ, ಆಮೇಲೆ ಧ್ವನಿ.

2. ಟಾಮ್ ಮೇಲೆ ಇಸ್ತ್ರಿ ಪೆಟ್ಟಿಗೆ ಬಿದ್ದರೆ ಅದು ಹಪ್ಪಳ ಆಗುತ್ತೆ, ಮರುಕ್ಷಣ ಎದ್ದು ಓಡುತ್ತೆ. ನೋವು ಉಳಿಯುವುದಿಲ್ಲ, ನಗು ಉಳಿಯುತ್ತೆ. ಜಪಾನಿನ ಎಷ್ಟೋ ಕಥೆಗಳಲ್ಲಿ ನೋವು ಉಳಿಯುತ್ತೆ. 1988ರ ‘ಮಿಂಚುಹುಳುಗಳ ಸಮಾಧಿ’ ಎಂಬ ಚಿತ್ರ ಯುದ್ಧದಲ್ಲಿ ಹಸಿವಿನಿಂದ ನರಳುವ ಅಣ್ಣ ತಂಗಿಯ ಕಥೆ. ಕಾರ್ಟೂನ್ ಅಂದ್ರೆ ಚಿಕ್ಕ ಮಕ್ಕಳಿಗೆ ಮಾತ್ರ ಅಂತ ಅವರು ತಿಳಿದಿಲ್ಲ.

3. ಹಯಾವೊ ಮಿಯಾಝಾಕಿ ಅವರ ‘ಟೊಟೊರೊ’ (1988) ಚಿತ್ರದಲ್ಲಿ ಇಬ್ಬರು ಹುಡುಗಿಯರು ಮಳೆಯಲ್ಲಿ ಬಸ್ಸಿಗೆ ಕಾಯುತ್ತಾ ನಿಲ್ಲುತ್ತಾರೆ. ಸ್ವಲ್ಪ ಹೊತ್ತು ಏನೂ ನಡೆಯುವುದಿಲ್ಲ. ಮಳೆ ಹನಿ ಮಾತ್ರ. ಹೀಗೆ ಸುಮ್ಮನೆ ಇರುವ ಹೊತ್ತಿಗೆ ಜಪಾನಿನವರು ‘ಮಾ’ ಅನ್ನುತ್ತಾರೆ. ಟಾಮ್ ಅಂಡ್ ಜೆರ್ರಿಯಲ್ಲಿ ಇಂಥ ಹೊತ್ತು ಕಡಿಮೆ, ಅಲ್ಲಿ ಓಟವೇ ಓಟ.

ಆದರೆ ಇಬ್ಬರೂ ಒಬ್ಬರಿಂದೊಬ್ಬರು ಕಲಿತಿದ್ದಾರೆ. ಜಪಾನಿನ ಗೊಂಬೆಗಳ ದೊಡ್ಡ ಕಣ್ಣು ನೋಡಿದ್ದೀರಲ್ಲ? ತೆಜುಕಾ ಅವರಿಗೆ ಡಿಸ್ನಿ ಚಿತ್ರಗಳೆಂದರೆ ಪ್ರಾಣ. ಆ ಕಣ್ಣು ಕಲಿತದ್ದು ಅಂಥ ಚಿತ್ರಗಳಿಂದಲೇ. ಜಪಾನಿನ ಯುಗೊ ಸಾಕೊ ಅವರು ನಮ್ಮ ದೇಶದ ರಾಮ್ ಮೋಹನ್ ಅವರ ಜೊತೆ ಸೇರಿ ರಾಮಾಯಣವನ್ನೂ ಕಾರ್ಟೂನ್ ಚಿತ್ರ ಮಾಡಿದ್ದಾರೆ. ಅದು 2025ರ ಜನವರಿಯಲ್ಲಿ ಭಾರತದ ಚಿತ್ರಮಂದಿರಗಳಿಗೆ ಬಂದಿತ್ತು.

ಈ ಲೇಖನವನ್ನು ಮೊದಲು ನನ್ನ ಗೆಳೆಯನಿಗೇ ಓದಿ ಹೇಳಿದೆ. ಅವನು ಪುಸ್ತಕದ ಕರುವನ್ನು ನಾಲ್ಕು ಸಲ ಜಿಗಿಸಿ ನೋಡಿ, “ಎಂಟೇ ಸಾಕು ಕಣೋ” ಅಂದ. ಪುಸ್ತಕ ಹಾಳು ಮಾಡಿದೆ ಅಂತ ಅಪ್ಪ ಮಾತ್ರ ಬೈದರು. ಹೊಸ ಪುಸ್ತಕ ಇಲ್ಲ. ಉಳಿದಿರುವುದು 68 ಹಾಳೆ. ಸೆಕೆಂಡಿಗೆ 24ರಂತೆ ಬರೆದರೆ 3 ಸೆಕೆಂಡೂ ಆಗುವುದಿಲ್ಲ. 8ರಂತೆ ಬರೆದರೆ 8 ಸೆಕೆಂಡಿನ ಕಥೆ ಆಗುತ್ತೆ. ಹಾಳೆ ಕಡಿಮೆ ಇರುವವನು ಸೋಮಾರಿ ಅಲ್ಲ, ಅವನು ಹೆಚ್ಚು ಯೋಚನೆ ಮಾಡಬೇಕು. ನಾವಿಬ್ಬರೂ ಬರೆಯುತ್ತೇವೆ. ಚಿತ್ರ ಬರೆಯಲು ಬರುವವರು ಬಂದು ಸೇರಿಕೊಳ್ಳಿ.

ನಿಮಗಿದು ಗೊತ್ತೇ? 1940ರ ಮೊದಲ ಚಿತ್ರದಲ್ಲಿ ಟಾಮ್‌ನ ಹೆಸರು ಟಾಮ್ ಅಲ್ಲ, ಜಾಸ್ಪರ್!

– 7ನೇ ತರಗತಿ