ಎಷ್ಟು ಕಳೆದುಕೊಳ್ಳಬಲ್ಲೆವು?

ಹೊಸ ಘಟಕ ಆರಂಭಿಸಬಯಸುವವರಿಗೆ ಯೋಜನಾ ವರದಿ ಸಿದ್ಧಪಡಿಸಿಕೊಡುವುದು ನಮ್ಮ ವೃತ್ತಿಯ ನಿತ್ಯದ ಕೆಲಸ. ಮೊದಲ ವರ್ಷ ಸ್ಥಾಪಿತ ಸಾಮರ್ಥ್ಯದ ಶೇ. 60, ಎರಡನೆಯ ವರ್ಷ ಶೇ. 70, ಮೂರನೆಯ ವರ್ಷ ಶೇ. 80 ಎಂದು ಉತ್ಪಾದನೆಯನ್ನು ಅಂದಾಜಿಸಿ, ಮರುಪಾವತಿಯ ಅನುಪಾತ ಬ್ಯಾಂಕಿಗೆ ಒಪ್ಪಿಗೆಯಾಗುವಂತೆ ಕೋಷ್ಟಕ ತುಂಬುತ್ತೇವೆ. ಆ ಶೇ. 60 ಎಲ್ಲಿಂದ ಬಂತೆಂದು ಕೇಳಿದರೆ ಪ್ರಾಮಾಣಿಕ ಉತ್ತರ ನಮ್ಮಲ್ಲಿ ಇರುವುದು ಅಪರೂಪ.

ವಿಶ್ವವಿದ್ಯಾಲಯಗಳೂ ಬಹುಕಾಲ ಇದನ್ನೇ ಬೋಧಿಸಿದವು. ಹಾರ್ವರ್ಡ್ ಬಿಸಿನೆಸ್ ಸ್ಕೂಲಿನಲ್ಲಿ ಪ್ರಾಧ್ಯಾಪಕ ಮೈಲ್ಸ್ ಮೇಸ್ ಅವರು ಹೊಸ ಉದ್ದಿಮೆಗಳ ನಿರ್ವಹಣೆ ಕುರಿತ ಪಾಠಕ್ರಮವನ್ನು ಆರಂಭಿಸಿದ್ದು 1947ರಲ್ಲಿ. ಮುಂದೆ ಇಂಥ ತರಗತಿಗಳು ಹೆಚ್ಚಿದಂತೆ, ಮಾರುಕಟ್ಟೆ ಸಮೀಕ್ಷೆ ನಡೆಸಿ ಐದು ವರ್ಷಗಳ ಯೋಜನೆ ಬರೆಯುವುದೇ ಉದ್ಯಮಶೀಲತೆಯ ಪಾಠವೆಂಬ ಭಾವನೆ ಬೇರೂರಿತು.

ಇದನ್ನು ಪ್ರಶ್ನಿಸಿದವರು ಸರಸ್ ಸರಸ್ವತಿ. ಸ್ವತಃ ಉದ್ದಿಮೆಗಳನ್ನು ನಡೆಸಿ, ಅನಂತರ ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಲ್ಲಿ ನೊಬೆಲ್ ಪುರಸ್ಕೃತ ಹರ್ಬರ್ಟ್ ಸೈಮನ್ ಅವರ ಮಾರ್ಗದರ್ಶನದಲ್ಲಿ ಸಂಶೋಧನೆ ನಡೆಸಿದವರು. ಈಗ ವರ್ಜೀನಿಯಾ ವಿಶ್ವವಿದ್ಯಾಲಯದ ಡಾರ್ಡನ್ ಬಿಸಿನೆಸ್ ಸ್ಕೂಲಿನಲ್ಲಿ ಪ್ರಾಧ್ಯಾಪಕರು. ಬೆಂಗಳೂರಿನ ಐಐಎಂನಲ್ಲಿಯೂ ಸಂದರ್ಶಕ ಪ್ರಾಧ್ಯಾಪಕರಾಗಿ ಸೇವೆ ಸಲ್ಲಿಸಿದ್ದಾರೆ. ಅನುಭವಿ ಉದ್ದಿಮೆದಾರರಾದ 27 ಮಂದಿಗೆ ಅವರು ಒಂದೇ ಕಾಲ್ಪನಿಕ ಸರಕನ್ನು, ಉದ್ಯಮಶೀಲತೆ ಕುರಿತ ಒಂದು ಕಂಪ್ಯೂಟರ್ ಆಟವನ್ನು ಕೊಟ್ಟು, ಇದರಿಂದ ವ್ಯಾಪಾರ ಹೇಗೆ ಕಟ್ಟುತ್ತೀರಿ ಎಂದು ಕೇಳಿದರು. ಯೋಚಿಸುವುದನ್ನೆಲ್ಲ ಗಟ್ಟಿಯಾಗಿ ಹೇಳುತ್ತಾ ಹೋಗಬೇಕೆಂಬುದು ನಿಯಮ. ಅದನ್ನು ಧ್ವನಿಮುದ್ರಿಸಿ ವಿಶ್ಲೇಷಿಸಿದರು.

ಫಲಿತಾಂಶ ನಮ್ಮ ಹಳೆಯ ಪೇಟೆಯ ಸಾಹುಕಾರರಿಗೆ ಅಚ್ಚರಿ ತರಲಾರದು. ಆ ಅನುಭವಿಗಳಲ್ಲಿ ಹೆಚ್ಚಿನವರು ಕೈಗಿತ್ತ ಮಾರುಕಟ್ಟೆ ಅಂಕಿಅಂಶಗಳನ್ನು ನಂಬಲಿಲ್ಲ. ತಮಗೇನು ಗೊತ್ತು, ಯಾರ ಪರಿಚಯವಿದೆ ಎಂಬಲ್ಲಿಂದ ಹೊರಟರು. ಎಷ್ಟು ಲಾಭ ಬರಬಹುದೆಂಬುದಕ್ಕಿಂತ ಎಷ್ಟು ನಷ್ಟವನ್ನು ತಾಳಿಕೊಳ್ಳಬಲ್ಲೆವೆಂಬುದನ್ನು ಮೊದಲು ಲೆಕ್ಕ ಹಾಕಿದರು. 2009ರಲ್ಲಿ ಪ್ರಕಟವಾದ ಮತ್ತೊಂದು ಅಧ್ಯಯನದಲ್ಲಿ ಇವರನ್ನು 37 ಎಂಬಿಎ ವಿದ್ಯಾರ್ಥಿಗಳೊಂದಿಗೆ ಹೋಲಿಸಲಾಯಿತು. ವಿದ್ಯಾರ್ಥಿಗಳು ಪಠ್ಯದಂತೆ ಅಂದಾಜುಗಳನ್ನೇ ಹೆಚ್ಚು ಆಧರಿಸಿದ್ದರು.

ಇದನ್ನು ಓದಿದಾಗ ನನಗೆ 2003ರ ಒಂದು ಕಡತ ನೆನಪಾಯಿತು. ಪ್ಲಾಸ್ಟಿಕ್ ಮೋಲ್ಡಿಂಗ್ ಘಟಕ ಹಾಕಲು ಬಂದ ತರುಣರೊಬ್ಬರಿಗೆ ನಾನೇ ವರದಿ ಬರೆದುಕೊಟ್ಟಿದ್ದೆ. ತಂದೆ ಕಟ್ಟಿಸಿದ ಮನೆಯನ್ನು ಅಡಮಾನವಿಟ್ಟರು, ಸಾಲ ಮಂಜೂರಾಯಿತು. ಎರಡನೆಯ ವರ್ಷ ಅವರ ಏಕೈಕ ದೊಡ್ಡ ಗಿರಾಕಿ ವಿನ್ಯಾಸ ಬದಲಿಸಿದ ಕಾರಣ ಅಚ್ಚುಗಳು ನಿರುಪಯುಕ್ತವಾದವು, ಮನೆ ಹೋಯಿತು. ಅವರು ನನ್ನನ್ನು ಒಮ್ಮೆಯೂ ದೂರಲಿಲ್ಲ. ನನ್ನ ಕೋಷ್ಟಕಗಳಲ್ಲಿ ಕೂಡುವ ಕಳೆಯುವ ತಪ್ಪು ಒಂದೂ ಇರಲಿಲ್ಲ. ಮನೆ ಹೋದರೆ ನಿಮ್ಮ ಸಂಸಾರ ಎಲ್ಲಿರುತ್ತದೆ ಎಂಬ ಪ್ರಶ್ನೆಯನ್ನು ಮಾತ್ರ ನಾನು ಕೇಳಿರಲಿಲ್ಲ.

ಈ ಸಿದ್ಧಾಂತವನ್ನು ಕಣ್ಣುಮುಚ್ಚಿ ಒಪ್ಪಬೇಕೆಂದೇನೂ ಅಲ್ಲ. ಸಂದರ್ಶನಕ್ಕೆ ಸಿಕ್ಕವರು ಗೆದ್ದವರು. ಇದೇ ರೀತಿ ನಡೆದು ಸೋತವರ ಧ್ವನಿ ಆ ಮುದ್ರಿಕೆಗಳಲ್ಲಿಲ್ಲ. ಲೆಕ್ಕ ಪರಿಶೋಧಕನಾದವನು ಇಂಥ ಮಾದರಿಯ ಆಯ್ಕೆಗೆ ಷರಾ ಬರೆಯದೆ ಸಹಿ ಮಾಡಲಾರ. ಮೇಲಾಗಿ ಕುಲುಮೆ ಅಥವಾ ಶೀತಲಗೃಹವನ್ನು ಚಿಕ್ಕದಾಗಿ ಆರಂಭಿಸುವುದು ಸುಲಭವಲ್ಲ. ಬ್ಯಾಂಕುಗಳೂ ಅಂದಾಜು ಪಟ್ಟಿಯನ್ನು ಕೇಳದೆ ಬಿಡುವುದಿಲ್ಲ.

ಆದರೂ ಈಗ ಕಂಪ್ಯೂಟರ್ ತೆರೆಯುವ ಮೊದಲು ಒಂದು ಬಿಳಿ ಹಾಳೆಯನ್ನು ಮುಂದಿಡುತ್ತೇನೆ. ಪೂರ್ತಿ ಮುಳುಗಿದರೂ ಸಹಿಸಬಲ್ಲ ಮೊತ್ತವೆಷ್ಟು, ಸಂಬಳವಿಲ್ಲದೆ ಎಷ್ಟು ತಿಂಗಳು ನಡೆಸಬಲ್ಲಿರಿ, ಮುಟ್ಟಲೇಬಾರದ ಆಸ್ತಿ ಯಾವುದು ಎಂಬುದನ್ನು ಅವರ ಕೈಯಿಂದಲೇ ಬರೆಸುತ್ತೇನೆ. ಕಳೆದ ತಿಂಗಳು ತಂದೆ ಮಗ ಇಬ್ಬರೂ ಬಂದಿದ್ದರು. ಮಗ 25 ಲಕ್ಷ ರೂಪಾಯಿಗಳ ಯಂತ್ರದ ಕೊಟೇಶನ್ ತಂದಿದ್ದ. ತಂದೆ ಹಾಳೆಯ ಮೇಲೆ 4 ಲಕ್ಷವೆಂದು ಬರೆದು, ಕೆಳಗೆ ‘ಮನೆ’ ಎಂದು ಬರೆದು ಎರಡು ಗೆರೆ ಎಳೆದರು. ಸ್ವಲ್ಪ ಹೊತ್ತು ಮೂವರೂ ಸುಮ್ಮನಿದ್ದೆವು. ಬಳಿಕ ಮಗನೇ, ಪರಿಚಯದವರ ಶೆಡ್ಡಿನಲ್ಲಿ ರಾತ್ರಿ ಪಾಳಿಗೆ ಯಂತ್ರ ಬಾಡಿಗೆಗೆ ಸಿಗುತ್ತದೆ, ಆರು ತಿಂಗಳು ಜಾಬ್ ವರ್ಕ್ ಮಾಡಿ ನೋಡಬಹುದೇ ಎಂದು ಕೇಳಿದ. ವರದಿಯನ್ನು ನಾನಿನ್ನೂ ಬರೆದಿಲ್ಲ.